ಹಳೆಯ ಮೌಂಟನ್ ಬೈಕಿಗೆ ಡ್ರಾಪ್ ಹ್ಯಾಂಡಲ್: ನಾನು ಅಳತೆಯಿಂದ ಆರಂಭಿಸುತ್ತೇನೆ

ಹಳೆಯ ಮೌಂಟನ್ ಬೈಕಿಗೆ ಡ್ರಾಪ್ ಹ್ಯಾಂಡಲ್, ಅಂದರೆ ರಸ್ತೆ ರೇಸ್ ಸೈಕಲ್ಲಿನಂತೆ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿದ ಹ್ಯಾಂಡಲ್, ಹಾಕಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಹ್ಯಾಂಡಲನ್ನೇ. ನಾನು ಅದನ್ನು ಕೊನೆಯಲ್ಲಿ ಆರಿಸುತ್ತೇನೆ. ಮೊದಲು ಅಳತೆ ಪಟ್ಟಿ, ಒಂದು ಕಾಗದ, ಪೆನ್ಸಿಲ್. ಸವಾರನ ಕೈ ಎಲ್ಲಿಗೆ ತಲುಪುತ್ತದೆ ಎಂಬ ಲೆಕ್ಕ ಸರಿಬರದಿದ್ದರೆ ಉಳಿದ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ಸೈಕಲ್ ಕೆಲವೇ ವಾರಗಳಲ್ಲಿ ಮೂಲೆ ಸೇರುತ್ತದೆ. ಹೀಗೆ ಪರಿವರ್ತಿಸಿ ಕೈಬಿಟ್ಟ ಸೈಕಲ್‌ಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಬಹುತೇಕ ಎಲ್ಲದರ ದೋಷವೂ ಒಂದೇ: ಹ್ಯಾಂಡಲ್ ತೀರ ದೂರ, ತೀರ ಕೆಳಗೆ.

1980ರ ದಶಕದಿಂದ 1990ರ ದಶಕದ ಮಧ್ಯದವರೆಗೆ ಬಂದ ಮೌಂಟನ್ ಬೈಕ್‌ಗಳನ್ನು ನಾನು ಇಷ್ಟಪಡುವುದಕ್ಕೆ ಕಾರಣಗಳಿವೆ. ಕ್ರೋಮೋಲಿ ಉಕ್ಕಿನ ಫ್ರೇಮ್, ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ), ಎರಡು ಇಂಚಿನ ಟಯರ್ ಸಲೀಸಾಗಿ ಕೂರುವಷ್ಟು ಜಾಗ, ಹಲವು ಮಾದರಿಗಳಲ್ಲಿ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಜೋಡಿಸಲು ತೂತುಗಳು. ಇಂದು ಜಲ್ಲಿ ಹಾದಿಗೆಂದು ಮಾರುವ ಗ್ರಾವೆಲ್ ಸೈಕಲ್‌ಗಳಲ್ಲಿ ಜನ ಬಯಸುವುದು ಬಹುಮಟ್ಟಿಗೆ ಇವನ್ನೇ. ಈ ಆಲೋಚನೆಯೂ ಹೊಸದಲ್ಲ. ಜಾಕಿ ಫೆಲನ್ 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಮೌಂಟನ್ ಬೈಕ್ ಸ್ಪರ್ಧೆಗಳನ್ನು ಗೆದ್ದದ್ದು ಚಾರ್ಲಿ ಕನಿಂಗ್‌ಹ್ಯಾಮ್ ಕಟ್ಟಿದ ಡ್ರಾಪ್ ಹ್ಯಾಂಡಲ್ ಸೈಕಲ್ ಮೇಲೆ. 1987ರ ಬ್ರಿಜ್‌ಸ್ಟೋನ್ ಎಂಬಿ-1 ಕಾರ್ಖಾನೆಯಿಂದಲೇ ಡ್ರಾಪ್ ಹ್ಯಾಂಡಲ್‌ನೊಂದಿಗೆ ಬಂತು. 1990ರಲ್ಲಿ ಮೌಂಟನ್ ಬೈಕ್ ಸ್ಪರ್ಧಿ ಜಾನ್ ಟೊಮ್ಯಾಕ್ ರಸ್ತೆ ತಂಡವೊಂದಕ್ಕೂ ಓಡುತ್ತಿದ್ದ; ಎರಡೂ ಕಡೆ ದೇಹದ ಭಂಗಿ ಒಂದೇ ಇರಲೆಂದು ಮೌಂಟನ್ ಬೈಕಿಗೂ ಡ್ರಾಪ್ ಹ್ಯಾಂಡಲನ್ನೇ ಹಾಕಿಸಿಕೊಂಡ. ಅವನು ಅದರಲ್ಲಿ ಕಡಿದಾದ ಇಳಿಜಾರುಗಳನ್ನು ಇಳಿಯುವ ಚಿತ್ರಗಳನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು.

ಫ್ರೇಮ್ ಆರಿಸುವಾಗ ನಾನು ಬಣ್ಣ ನೋಡುವುದಿಲ್ಲ. ಮೊದಲು ಬೋಲ್ಟ್ ಸಡಿಲಿಸಿ ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ) ಮತ್ತು ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತೋಳು) ಜರುಗುತ್ತವೆಯೇ ಎಂದು ನೋಡುತ್ತೇನೆ. ಉಕ್ಕಿನ ಕೊಳವೆಯೊಳಗೆ ಅಲ್ಯುಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕೂತಿದ್ದರೆ ಎರಡೂ ಬೆಸೆದುಕೊಂಡಂತೆ ಹಿಡಿದುಬಿಡುತ್ತವೆ. ಅದನ್ನು ಬಿಡಿಸುವುದೇ ಒಂದು ಪ್ರತ್ಯೇಕ ಯಜ್ಞ. ಅನಂತರ ಹೆಡ್ ಟ್ಯೂಬಿನ (ಫೋರ್ಕ್ ಹಾದುಹೋಗುವ ಮುಂದಿನ ಗಿಡ್ಡ ಕೊಳವೆ) ಹಿಂದೆ, ಕೆಳಗಿನ ಕೊಳವೆಯ ಅಡಿಯಲ್ಲಿ ಬೆರಳಾಡಿಸುತ್ತೇನೆ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಸಣ್ಣ ಉಬ್ಬು ಸಿಕ್ಕರೆ ಆ ಸೈಕಲ್ ಎಂದೋ ಮುಂದಿನಿಂದ ಡಿಕ್ಕಿ ಹೊಡೆದಿದೆ ಎಂದರ್ಥ; ಅದನ್ನು ಮುಟ್ಟುವುದಿಲ್ಲ. ಹಿಂದಿನ ಚಕ್ರ ಕೂರುವ ಎರಡು ತುದಿಗಳಿಂದ ಒಂದು ದಾರವನ್ನು ಹೆಡ್ ಟ್ಯೂಬ್ ಬಳಸಿ ಬಿಗಿಯಾಗಿ ಎಳೆದು ಕಟ್ಟಿ, ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಬದಿಯ ಅಂತರ ಅಳೆದರೆ ಫ್ರೇಮ್ ನೇರವಾಗಿದೆಯೇ ಎಂಬುದು ತಿಳಿಯುತ್ತದೆ. ಸಸ್ಪೆನ್ಷನ್ ಫೋರ್ಕಿಗೆಂದು ರೂಪಿಸಿದ ಫ್ರೇಮ್‌ಗಳನ್ನು ಬಿಟ್ಟುಬಿಡುತ್ತೇನೆ. ಅವುಗಳಿಗೆ ಗಿಡ್ಡ ಗಟ್ಟಿ ಫೋರ್ಕ್ ಹಾಕಿದರೆ ಮುಂಭಾಗ ಕುಸಿದು ಕೋನಗಳೆಲ್ಲ ಕೆಡುತ್ತವೆ.

ಈಗ ಅಳತೆಗೆ ಬರೋಣ. ಆ ಕಾಲದ ಮೌಂಟನ್ ಬೈಕ್‌ಗಳ ಟಾಪ್ ಟ್ಯೂಬ್ (ಸೀಟಿನಿಂದ ಮುಂಭಾಗಕ್ಕೆ ಹೋಗುವ ಮೇಲಿನ ಕೊಳವೆ) ಉದ್ದ, ಅದರ ಮೇಲೆ 130ರಿಂದ 150 ಮಿ.ಮೀ. ಉದ್ದದ ಸ್ಟೆಮ್. ನೇರ ಹ್ಯಾಂಡಲ್‌ನಲ್ಲಿ ಹಿಡಿಗಳು ತುಸು ಹಿಂದಕ್ಕೆ ಬಾಗಿರುವುದರಿಂದ ಇದು ನಡೆಯುತ್ತಿತ್ತು. ಡ್ರಾಪ್ ಹ್ಯಾಂಡಲ್‌ನಲ್ಲಿ ಹಾಗಲ್ಲ. ಕೈ ಹೆಚ್ಚು ಹೊತ್ತು ಕೂರುವುದು ಬ್ರೇಕ್ ಲಿವರಿನ ರಬ್ಬರ್ ಹುಡ್ ಮೇಲೆ, ಅದು ಸ್ಟೆಮ್‌ಗಿಂತ ಸಾಕಷ್ಟು ಮುಂದೆ ಇರುತ್ತದೆ.

ನನ್ನ ಸೈಕಲ್‌ನ ಲೆಕ್ಕವನ್ನೇ ಹೇಳುತ್ತೇನೆ. ಮೂಲ ಸ್ಟೆಮ್ 135 ಮಿ.ಮೀ.; ಹಿಡಿಗಳು ಅದರ ತುದಿಗಿಂತ 20 ಮಿ.ಮೀ. ಹಿಂದೆ. ಅಂದರೆ ಕೈ ಇದ್ದದ್ದು ಸ್ಟೀರಿಂಗ್ ಅಕ್ಷದಿಂದ 115 ಮಿ.ಮೀ. ಮುಂದೆ. ನಾನು ನೋಡಿದ್ದ ಡ್ರಾಪ್ ಹ್ಯಾಂಡಲ್ ಮುಂದಕ್ಕೆ ಚಾಚುವುದು 75 ಮಿ.ಮೀ., ಅದರ ಮೇಲೆ ಹುಡ್‌ನಲ್ಲಿ ಅಂಗೈ ಕೂರುವ ಜಾಗಕ್ಕೆ ಇನ್ನೊಂದು 30. ಹೀಗೆ ಹ್ಯಾಂಡಲ್ ಒಂದೇ 105 ಮಿ.ಮೀ. ತಿಂದುಹಾಕುತ್ತದೆ. ಕೈ ಹಿಂದಿನ ಜಾಗದಲ್ಲೇ ಇರಬೇಕೆಂದರೆ ಸ್ಟೆಮ್ ಕೇವಲ 10 ಮಿ.ಮೀ. ಇರಬೇಕು, ಅದು ಆಗದ ಮಾತು. ನಾನು 60 ಮಿ.ಮೀ. ಸ್ಟೆಮ್ ಆರಿಸಿದೆ. ಆಗ ಕೈ ಅಕ್ಷದಿಂದ 165 ಮಿ.ಮೀ. ಮುಂದೆ, ಅಂದರೆ ಮೊದಲಿಗಿಂತ 50 ಮಿ.ಮೀ. ದೂರ.

ಈ 50ನ್ನು ಕಡಿಮೆ ಮಾಡುವ ದಾರಿ ಎತ್ತರದಲ್ಲಿದೆ. ಹೆಡ್ ಟ್ಯೂಬ್ ನೆಲದೊಂದಿಗೆ ಸುಮಾರು 71 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರುವುದರಿಂದ ಸ್ಟೆಮ್ಮನ್ನು ಪ್ರತಿ 30 ಮಿ.ಮೀ. ಎತ್ತಿದಾಗಲೂ ಹ್ಯಾಂಡಲ್ ಸುಮಾರು 10 ಮಿ.ಮೀ. ಸವಾರನ ಕಡೆಗೆ ಬರುತ್ತದೆ. ನಾನು 60 ಮಿ.ಮೀ. ಎತ್ತಿದೆ, ಹ್ಯಾಂಡಲಿನ ಮೇಲ್ಭಾಗ ಸೀಟಿನ ಮಟ್ಟಕ್ಕೆ ಬಂತು, 20 ಮಿ.ಮೀ. ವಾಪಸು ಸಿಕ್ಕಿತು. ಉಳಿದದ್ದು 30. ಅಷ್ಟನ್ನು ನನ್ನ ಬೆನ್ನು ಒಪ್ಪಿಕೊಳ್ಳುತ್ತದೆ, ಏಕೆಂದರೆ ಹುಡ್ ಹಿಡಿದಾಗ ಅಂಗೈಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ, ಭುಜ ಸಡಿಲವಾಗುತ್ತದೆ, ಮುಂದಕ್ಕೆ ಚಾಚುವುದು ಸಹಜವೆನಿಸುತ್ತದೆ. ನಿಮ್ಮ ಬೆನ್ನು ಒಪ್ಪದಿದ್ದರೆ ಒಂದು ಅಳತೆ ಚಿಕ್ಕ ಫ್ರೇಮ್ ಹುಡುಕಿ. ದೂರ ಹೆಚ್ಚಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳಬೇಡಿ. ಸೀಟಿನ ಜಾಗ ನಿರ್ಧಾರವಾಗಬೇಕಾದದ್ದು ಪೆಡಲ್ ಮತ್ತು ಮೊಣಕಾಲಿನ ಲೆಕ್ಕದಿಂದ. ಅದನ್ನು ಮುಂದೆ ತಳ್ಳಿದರೆ ದೇಹದ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ.

ಗಿಡ್ಡ ಸ್ಟೆಮ್ ಹಾಕಿದರೆ ಸೈಕಲ್ ಅತ್ತಿತ್ತ ಚಂಚಲವಾಗಿ ತಿರುಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ತಿರುಗುವುದಿಲ್ಲ. ಕೈಗಳು ಇನ್ನೂ ಅಕ್ಷದಿಂದ 165 ಮಿ.ಮೀ. ಮುಂದೆಯೇ ಇವೆ, ಆ ದೂರವೇ ಸ್ಟೀರಿಂಗನ್ನು ಶಾಂತವಾಗಿಡುತ್ತದೆ.

ಸ್ಟೆಮ್ ಕೊಳ್ಳುವಾಗ ಎರಡು ವ್ಯಾಸಗಳನ್ನು ಬರೆದಿಟ್ಟುಕೊಳ್ಳಬೇಕು. ಫೋರ್ಕ್ ಕೊಳವೆ ಒಂದು ಇಂಚಿನದಾದರೆ ಒಳಗಿಳಿಯುವ ಕ್ವಿಲ್ ಸ್ಟೆಮ್ 22.2 ಮಿ.ಮೀ., ಒಂದೂ ಅರೆಕಾಲು ಇಂಚಿನದಾದರೆ, ಅಂದರೆ ಒಂದು ಪೂರ್ಣಾಂಕ ಒಂದು ಎಂಟನೆಯ ಇಂಚಾದರೆ, 25.4 ಮಿ.ಮೀ. ಹ್ಯಾಂಡಲ್ ಹಿಡಿಯುವ ತುದಿಯಲ್ಲಿ ಹಳೆಯ ಮೌಂಟನ್ ಬೈಕ್‌ಗಳದು 25.4, ಹಳೆಯ ರಸ್ತೆ ಹ್ಯಾಂಡಲ್‌ಗಳದು ಹೆಚ್ಚಾಗಿ 26.0, ಈಗಿನವುಗಳದು 31.8. ಇನ್ನೊಂದು ಸಂಗತಿ: ಮುಂಭಾಗ ಬಿಚ್ಚಲಾಗದ ಅಗಲ ಹಿಡಿತದ ಸ್ಟೆಮ್‌ಗಳ ಮೂಲಕ ಡ್ರಾಪ್ ಹ್ಯಾಂಡಲಿನ ಬಾಗುಗಳು ನುಸುಳುವುದೇ ಇಲ್ಲ. ಹಾಗಾಗಿ ನಾನು ಕ್ವಿಲ್ ಅಡಾಪ್ಟರ್ ಹಾಕಿ, ಅದರ ಮೇಲೆ ಮುಚ್ಚಳ ಬಿಚ್ಚುವ ಹೊಸ ಬಗೆಯ ಸ್ಟೆಮ್ ಕೂರಿಸುತ್ತೇನೆ. ನೋಟಕ್ಕೆ ಅದು ತುಸು ದಪ್ಪ. ಆದರೆ ಉದ್ದ ಬದಲಿಸಿ ನೋಡುವುದು ಸುಲಭ. ಅಂದಕ್ಕೇ ಮೊದಲ ಮಣೆ ಎನ್ನುವವರಿಗೆ ನಿಟ್ಟೊ ಕಂಪನಿಯ ಡರ್ಟ್ ಡ್ರಾಪ್ ಸ್ಟೆಮ್ ಇದೆ, ಇದೇ ಕೆಲಸಕ್ಕೆಂದು ಎತ್ತರವಾಗಿ ಮಾಡಿದ್ದು. ಯಾವುದೇ ಆಗಲಿ, ಕ್ವಿಲ್ ಮೇಲೆ ಕೊರೆದಿರುವ ಕನಿಷ್ಠ ಆಳದ ಗೆರೆ ಹೊರಗೆ ಕಾಣಬಾರದು.

ಹ್ಯಾಂಡಲ್ ಆಯ್ಕೆ ಈಗ. ಮುಂದಕ್ಕೆ ಕಡಿಮೆ ಚಾಚುವ, ಕೆಳಗೆ ಹೊರಮುಖವಾಗಿ ಅಗಲವಾಗುವ ಹ್ಯಾಂಡಲ್ ನನಗೆ ಹಿಡಿಸುತ್ತದೆ. ಒರಟು ಹಾದಿಯ ಇಳಿಜಾರಿನಲ್ಲಿ ಕೆಳಭಾಗ ಹಿಡಿದಾಗ ಮುಂಗೈ ಮೇಲಿನ ಕೊಳವೆಗೆ ತಾಗುವುದಿಲ್ಲ, ಹಿಡಿತವೂ ಅಗಲ. ಹುಡ್ ಬಳಿ 44ರಿಂದ 46 ಸೆಂ.ಮೀ. ಅಗಲ ನನಗೆ ಸಾಕು.

ಬ್ರೇಕ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಹಳೆಯ ಲಿವರ್‌ಗಳನ್ನು ಡ್ರಾಪ್ ಹ್ಯಾಂಡಲಿಗೆ ಹಾಕಲು ಬರುವುದಿಲ್ಲ: ಮೌಂಟನ್ ಬೈಕ್ ಹಿಡಿಯ ವ್ಯಾಸ 22.2 ಮಿ.ಮೀ., ಡ್ರಾಪ್ ಹ್ಯಾಂಡಲಿನದು 23.8. ಹೊಸ ಲಿವರ್ ಬೇಕೇ ಬೇಕು, ಯಾವ ಲಿವರ್ ಎಂಬುದನ್ನು ಚಕ್ರದ ಬಳಿಯ ಬ್ರೇಕ್ ನಿರ್ಧರಿಸುತ್ತದೆ. ಕ್ಯಾಂಟಿಲಿವರ್ ಬ್ರೇಕ್ (ರಿಮ್ಮಿನ ಎರಡು ಬದಿಯ ತೋಳುಗಳನ್ನು ಅಡ್ಡ ತಂತಿಯೊಂದು ಮೇಲಕ್ಕೆಳೆಯುವಂಥದ್ದು) ಇದ್ದರೆ ಸಾಮಾನ್ಯ ರಸ್ತೆ ಲಿವರ್ ಸರಿಹೊಂದುತ್ತದೆ. 1980ರ ದಶಕದ ಕೆಲವು ಮಾದರಿಗಳಲ್ಲಿ ಹಿಂದೆ ಕಾಣುವ ಯು-ಬ್ರೇಕ್ ಕೂಡ ಹಾಗೆಯೇ. ಶಿಮಾನೊ 1990ರ ದಶಕದ ಮಧ್ಯದಲ್ಲಿ ತಂದ ವಿ-ಬ್ರೇಕ್ ಬೇರೆ ಜಾತಿ. ಅದಕ್ಕೆ ಸುಮಾರು ಎರಡು ಪಟ್ಟು ಕೇಬಲ್ ಎಳೆಯುವ ಲಿವರ್ ಬೇಕು. ಸಾಮಾನ್ಯ ರಸ್ತೆ ಲಿವರ್ ಜೋಡಿಸಿದರೆ ಪ್ಯಾಡ್ ರಿಮ್ಮನ್ನು ಸರಿಯಾಗಿ ಒತ್ತುವ ಮೊದಲೇ ಲಿವರ್ ಹ್ಯಾಂಡಲಿಗೆ ಬಡಿಯಬಹುದು. ಟೆಕ್ಟ್ರೊ ಆರ್‌ಎಲ್520ರಂತಹ ಉದ್ದ ಎಳೆತದ ಡ್ರಾಪ್ ಲಿವರ್ ಹಾಕಿ, ಇಲ್ಲವೇ ಅದೇ ಗೂಟಗಳ ಮೇಲೆ ಕ್ಯಾಂಟಿಲಿವರ್ ಕೂರಿಸಿ. ಒಳಗಿನ ತಂತಿಯನ್ನೂ ಬದಲಿಸಲೇಬೇಕು: ಮೌಂಟನ್ ಬೈಕ್ ಲಿವರಿನ ತಂತಿಯ ತುದಿಗುಂಡು ಉರುಳೆಯಾಕಾರದ್ದು, ರಸ್ತೆ ಲಿವರಿನದು ಪೇರ್ (ಮರಸೇಬು) ಹಣ್ಣಿನ ಆಕಾರದ್ದು, ಒಂದರ ಗೂಡಿನಲ್ಲಿ ಇನ್ನೊಂದು ಭದ್ರವಾಗಿ ಕೂರುವುದಿಲ್ಲ.

ಮುಂದಿನ ಬ್ರೇಕಿನಲ್ಲಿ ಮರೆತುಹೋಗುವ ಒಂದು ತುಣುಕಿದೆ. ಹಲವು ಹಳೆಯ ಸ್ಟೆಮ್‌ಗಳಲ್ಲಿ ಮುಂದಿನ ಬ್ರೇಕ್ ತಂತಿಯ ಹೊರಕವಚ ಸ್ಟೆಮ್‌ನಲ್ಲೇ ಬಂದು ನಿಲ್ಲುತ್ತಿತ್ತು ಅಥವಾ ತಂತಿ ಒಂದು ಪುಟ್ಟ ಗಾಲಿಯ ಮೇಲೆ ಹಾದು ಇಳಿಯುತ್ತಿತ್ತು. ಸ್ಟೆಮ್ ತೆಗೆದ ಕ್ಷಣ ಆ ತಡೆಯೂ ಹೋಯಿತು. ಹೆಡ್‌ಸೆಟ್ (ಹೆಡ್ ಟ್ಯೂಬಿನ ಬೇರಿಂಗ್) ಬಳಿ ಕೂತು ಹೊರಕವಚವನ್ನು ತಡೆಯುವ ಹ್ಯಾಂಗರ್ ಹಾಕಬಹುದು, ಆದರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಫೋರ್ಕ್ ಹಿಂದಕ್ಕೆ ಬಾಗಿ, ಮೇಲಿನ ತಡೆಗೂ ಕೆಳಗಿನ ಬ್ರೇಕಿಗೂ ನಡುವಿನ ದೂರ ಬದಲಾಗುತ್ತ ತಂತಿ ತಾನಾಗಿ ಬಿಗಿದು, ಸಡಿಲಗೊಂಡು, ಇಡೀ ಮುಂಭಾಗ ಗಡಗಡ ನಡುಗುವುದುಂಟು. ಫೋರ್ಕಿನ ತಲೆಯಲ್ಲಿರುವ ತೂತಿಗೆ ಬೋಲ್ಟ್ ಮಾಡುವ ಹ್ಯಾಂಗರ್ ಹಾಕಿದರೆ ಆ ನಡುಕ ಬಹುಮಟ್ಟಿಗೆ ನಿಲ್ಲುತ್ತದೆ. ನನ್ನ ಎಲ್ಲ ಸೈಕಲ್‌ಗಳಲ್ಲೂ ಈಗ ಅದೇ ಇದೆ.

ಕ್ಯಾಂಟಿಲಿವರ್ ದುರ್ಬಲ ಎಂಬ ಅಪವಾದ ಬಹುಪಾಲು ಹೊಂದಿಕೆಯ ದೋಷದಿಂದ ಬಂದದ್ದು. ಎರಡು ತೋಳುಗಳನ್ನು ಸೇರಿಸುವ ಅಡ್ಡ ತಂತಿ ಎಷ್ಟು ಕೆಳಗಿದ್ದರೆ ಅಷ್ಟು ಒತ್ತಡ ಸಿಗುತ್ತದೆ. ಪ್ರತಿಯಾಗಿ ಲಿವರ್ ಹೆಚ್ಚು ಚಲಿಸಬೇಕಾಗುತ್ತದೆ, ಪ್ಯಾಡ್‌ಗಳನ್ನು ರಿಮ್‌ಗೆ ಹತ್ತಿರ ಇಡಬೇಕಾಗುತ್ತದೆ, ಅದಕ್ಕೆ ಚಕ್ರ ಓಲಾಡದಂತಿರಬೇಕು. ಆದ್ದರಿಂದ ನಾನು ಚಕ್ರವನ್ನು ಮೊದಲು ನೇರ ಮಾಡಿ, ಅಡ್ಡ ತಂತಿಯನ್ನು ಟಯರಿಗೆ ತಗುಲದಷ್ಟು ಕೆಳಗಿಳಿಸಿ, ಪ್ಯಾಡ್‌ನ ಮುಂದಿನ ಅಂಚು ಹಿಂದಿನದಕ್ಕಿಂತ ಕೂದಲೆಳೆಯಷ್ಟು ಮೊದಲು ರಿಮ್ ಮುಟ್ಟುವಂತೆ ಬಿಗಿಯುತ್ತೇನೆ. ಕಿರುಚುವ ಸದ್ದು ಅದರಿಂದ ಅಡಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಹಳೆಯ ಪ್ಯಾಡ್‌ಗಳನ್ನು ಎಸೆದು ಕೂಲ್‌ಸ್ಟಾಪ್‌ನ ಸಾಮನ್ ಬಣ್ಣದವನ್ನು ಹಾಕುತ್ತೇನೆ. ಈ ಒಂದು ಬದಲಾವಣೆಯಿಂದ ಸಿಗುವ ಲಾಭ ಇನ್ನಾವುದರಿಂದಲೂ ಸಿಕ್ಕಿಲ್ಲ.

ಗೇರ್ ಬದಲಿಸಲು ಹ್ಯಾಂಡಲಿನ ತುದಿಗೆ ತುರುಕುವ ಬಾರ್-ಎಂಡ್ ಲಿವರ್‌ಗಳೇ ನನ್ನ ಆಯ್ಕೆ. ಶಿಮಾನೊದ 7, 8 ಮತ್ತು 9 ಗೇರಿನ ಕಾಲದಲ್ಲಿ ಹಿಂದಿನ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗ) ರಸ್ತೆಯದಾದರೂ ಮೌಂಟನ್ ಬೈಕಿನದಾದರೂ ತಂತಿಯ ಎಳೆತ ಒಂದೇ. ಅದೇ ಕಂಪನಿಯ ರಸ್ತೆ ಸೈಕಲ್ ಸರಣಿಯಾದ ಹಳೆಯ ಡ್ಯೂರಾ-ಏಸ್ ಮಾತ್ರ ಹೊರತು. ಆದುದರಿಂದ ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ ಹೊಂದುವ ರಸ್ತೆ ಲಿವರ್ ಸಾಕು. 10 ಗೇರಿನ ಮೌಂಟನ್ ಡಿರೇಲರ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ತೊಡಕಿರುವುದು ಮುಂದಿನ ಡಿರೇಲರ್‌ನಲ್ಲಿ. ಬ್ರೇಕ್ ಮತ್ತು ಗೇರ್ ಒಂದಾಗಿರುವ ರಸ್ತೆ ಲಿವರ್ ಎಳೆಯುವಷ್ಟು ತಂತಿ ಮೌಂಟನ್ ಬೈಕಿನ ಮುಂದಿನ ಡಿರೇಲರ್‌ಗೆ ಹೊಂದುವುದಿಲ್ಲ, ಚೈನ್ ಅರ್ಧದಲ್ಲೇ ಉಜ್ಜುತ್ತದೆ. ಬಾರ್-ಎಂಡ್‌ನ ಎಡ ಲಿವರಿನಲ್ಲಿ ಕ್ಲಿಕ್ಕುಗಳಿಲ್ಲ, ಘರ್ಷಣೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಯಾವ ಡಿರೇಲರ್ ಇದ್ದರೂ ಕೈಯ ಅಂದಾಜಿಗೆ ಬಗ್ಗುತ್ತದೆ. ಬಲ ಲಿವರನ್ನೂ ಬೇಕೆಂದಾಗ ಘರ್ಷಣೆಗೆ ತಿರುಗಿಸಿಕೊಳ್ಳಬಹುದಾದ ಮಾದರಿಗಳಿವೆ. ದೂರದ ಹಾದಿಯಲ್ಲಿ ಡಿರೇಲರ್ ಬಾಗಿದರೂ ಮನೆ ಮುಟ್ಟಿಸುವ ಗುಣ ಅದು, ನಾನು ಅದಕ್ಕೆ ತುಂಬ ಬೆಲೆ ಕೊಡುತ್ತೇನೆ.

ಮೂಲ ಮೂರು ಚೈನ್‌ರಿಂಗ್‌ಗಳ ಕ್ರ್ಯಾಂಕನ್ನು ಬದಲಿಸುವ ಅಗತ್ಯವಿಲ್ಲ. 48 ಹಲ್ಲಿನ ದೊಡ್ಡ ರಿಂಗ್, ಹಿಂದೆ 13, 26 ಇಂಚಿನ ಚಕ್ರಕ್ಕೆ 1.75 ಇಂಚು ಅಗಲದ ಟಯರ್ ಇದ್ದರೆ ಪೆಡಲ್ ಒಂದು ಸುತ್ತಿಗೆ ಸುಮಾರು 7.5 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 40 ಕಿ.ಮೀ. ದಾಟುತ್ತದೆ. ಅತಿ ಹಗುರ ಗೇರಿನಲ್ಲಿ ಮುಂದೆ 28, ಹಿಂದೆ 28 ಹಲ್ಲುಗಳಿದ್ದರೆ ಸರಂಜಾಮು ಹೊತ್ತುಕೊಂಡೂ ಗುಡ್ಡ ಹತ್ತಬಹುದು. ಟಯರ್ ಮಾತ್ರ ಗುಬುಟುಗಳಿಲ್ಲದ, ಮೃದು ಪಕ್ಕದ ಒಳ್ಳೆಯದನ್ನೇ ಹಾಕಿ. ಪ್ಯಾನಾರೇಸರ್ ಪಸೇಲಾ ನಾನು ಮತ್ತೆ ಮತ್ತೆ ಕೊಳ್ಳುವಂಥದ್ದು.

ಹ್ಯಾಂಡಲಿನ ಹಿಡಿತದ ಟೇಪನ್ನು ಕೂಡಲೇ ಸುತ್ತುವುದಿಲ್ಲ. ತಂತಿಗಳ ಹೊರಕವಚವನ್ನು ಹ್ಯಾಂಡಲಿಗೆ ವಿದ್ಯುತ್ ಟೇಪಿನಿಂದ ತಾತ್ಕಾಲಿಕವಾಗಿ ಕಟ್ಟಿ, ಕೆಲವು ದಿನ ಹಾಗೆಯೇ ಓಡಿಸುತ್ತೇನೆ, ಜೇಬಿನಲ್ಲಿ ಅಲೆನ್ ಕೀ ಇಟ್ಟುಕೊಂಡು. ಹುಡ್ ಐದು ಮಿ.ಮೀ. ಮೇಲೆ ಹೋದರೆ ಮಣಿಕಟ್ಟಿಗೆ ಹಿತವೇ, ಹ್ಯಾಂಡಲ್ ತುಸು ಮೇಲ್ಮುಖವಾದರೆ ಕೆಳಗಿನ ಹಿಡಿತಕ್ಕೆ ಬ್ರೇಕ್ ಎಟುಕುತ್ತದೆಯೇ, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ತಂತಿ ಎಳೆಯುತ್ತದೆಯೇ ಎಂಬುದೆಲ್ಲ ಓಡಿಸಿದಾಗಲೇ ಗೊತ್ತಾಗುವುದು. ಹೊಸ ತಂತಿಗಳೂ ಈ ಅವಧಿಯಲ್ಲಿ ಕುಳಿತುಕೊಂಡು ಸಡಿಲಾಗುತ್ತವೆ, ಮತ್ತೆ ಬಿಗಿಯುತ್ತೇನೆ. ಎಲ್ಲವೂ ಒಪ್ಪಿಗೆಯಾದ ಮೇಲೆ ತುದಿಯಿಂದ ಸ್ಟೆಮ್ ಕಡೆಗೆ ಟೇಪ್.

ಇಂತಹ ಸೈಕಲ್ ಎಲ್ಲ ಕಡೆಗೂ ಸಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಬಂಡೆಗಳ ಮೇಲೆ ಮೆಟ್ಟಿಲಿಳಿದಂತೆ ಇಳಿಯುವ ಕಡಿದಾದ ಹಾದಿಗೆ ಅಗಲವಾದ ನೇರ ಹ್ಯಾಂಡಲೇ ಮೇಲು. ಮಣ್ಣಿನ ರಸ್ತೆ, ಹಾಳಾದ ಡಾಂಬರು, ಎದುರುಗಾಳಿ, ದಿನವಿಡೀ ಸಾಗುವ ಪ್ರಯಾಣ ಇವಕ್ಕೆ ಇದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ. ಬಿಚ್ಚಿದ ಹಳೆಯ ಸ್ಟೆಮ್, ಲಿವರ್, ಶಿಫ್ಟರ್‌ಗಳನ್ನು ಒರೆಸಿ, ಎಣ್ಣೆ ಸವರಿ, ಯಾವ ಫ್ರೇಮಿನದೆಂದು ಚೀಟಿ ಕಟ್ಟಿ ಒಂದು ಡಬ್ಬದಲ್ಲಿ ಇಡುತ್ತೇನೆ. ಫ್ರೇಮನ್ನು ಎಲ್ಲೂ ಕೊರೆದಿಲ್ಲ, ಕತ್ತರಿಸಿಲ್ಲ. ಮುಂದೆ ಅದು ಯಾರ ಕೈ ಸೇರಿದರೂ ಅವರು ಬಯಸಿದರೆ ಮೂಲ ರೂಪಕ್ಕೆ ತಿರುಗಿಸಿಕೊಳ್ಳಬಹುದು.