48 ಶಾಲೆಯಲ್ಲಿ ಕಂಪ್ಯೂಟರ್ ಕಲಿಕೆಯ ಪರಿಣಾಮ ಅಳೆದ ಬಗೆ: ನನ್ನ ಅನುಭವ

ಶಾಲೆಯ ಕಂಪ್ಯೂಟರ್ ಲ್ಯಾಬಿನಿಂದ ಮಕ್ಕಳ ಕಲಿಕೆಗೆ ಏನಾಯಿತು ಎಂದು ಅಳೆಯಬೇಕಾದರೆ ಕನಿಷ್ಠ ಇನ್ನೂರು ಶಾಲೆ ಬೇಕು, ಅದಕ್ಕಿಂತ ಕಡಿಮೆ ಇದ್ದರೆ ಹಣ ನೀರಿಗೆ ಹಾಕಿದಂತೆ ಎಂಬ ಮಾತನ್ನು ಈ ಕೆಲಸದಲ್ಲಿರುವವರೆಲ್ಲ ಕೇಳಿರುತ್ತೀರಿ. ನಮ್ಮ ಅಧ್ಯಯನ ಸುಮಾರು 48 ಶಾಲೆಗಳಲ್ಲಿ ಮುಗಿಯಿತು, ಉತ್ತರವೂ ಗೊಂದಲವಿಲ್ಲದೆ ಬಂತು. ಮಾಡಿದ ಕ್ರಮವನ್ನು ಬರೆಯುತ್ತಿದ್ದೇನೆ. ಶಾಲೆಗಳನ್ನು ಗುಂಪುಗಳಿಗೆ ಹಂಚಲು ಲಾಟರಿ ಏಕೆ, ಹೋಲಿಕೆಗೆಂದು ಏನೂ ಬದಲಿಸದೆ ಬಿಡುವ ಕಂಟ್ರೋಲ್ ಗುಂಪು ಏಕೆ ಎಂಬ ಪಾಠ ಇಲ್ಲಿಲ್ಲ, ಅದು ಗೊತ್ತಿದ್ದವರಿಗೇ ಇದು. ಅಂಕಿಗಳು ನೆನಪಿನಿಂದ ಬರೆದವು, ಅಂದಾಜಿಗೆ ಸರಿ ಇವೆ.

ಮೊದಲು ಪ್ರಶ್ನೆಯನ್ನೇ ಸರಿಮಾಡಿಕೊಳ್ಳಬೇಕು. "ಕಂಪ್ಯೂಟರಿನಿಂದ ಲಾಭ ಆಯಿತೇ?" ಎಂದು ಕೇಳಿದರೆ ಹೌದು, ಇಲ್ಲ ಎರಡೂ ಸಿಗುತ್ತವೆ. ವಡೋದರದ ಅಧ್ಯಯನ (2007ರಲ್ಲಿ ಪ್ರಕಟ) ನಾಲ್ಕನೇ ತರಗತಿಯಲ್ಲಿ ವಾರಕ್ಕೆ ಎರಡು ಗಂಟೆಯ ಗಣಿತದ ಆಟಗಳಿಂದ 0.47 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಮಕ್ಕಳ ಅಂಕ ಸರಾಸರಿಯ ಸುತ್ತ ಎಷ್ಟು ಹರಡಿದೆ ಎಂಬ ಅಳತೆ) ಏರಿಕೆ ತೋರಿಸಿತು. ಪೆರುವಿನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಅಳೆದರು, ಗಣಿತ ಮತ್ತು ಭಾಷೆಯ ಅಂಕ ಅಲ್ಲಾಡಲಿಲ್ಲ. ರೊಮೇನಿಯಾದಲ್ಲಿ ಮನೆಗೆ ಕಂಪ್ಯೂಟರ್ ಬಂದ ಮಕ್ಕಳ ಕಂಪ್ಯೂಟರ್ ಜ್ಞಾನ ಏರಿತು, ಶಾಲೆಯ ಅಂಕ ಇಳಿಯಿತು. ಇವೆಲ್ಲಕ್ಕಿಂತ ಕಣ್ಣು ತೆರೆಸುವುದು ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಗುಜರಾತಿನಲ್ಲಿ ಮಾಡಿದ ಕೆಲಸ. ಕಾರ್ಯಕ್ರಮ ಒಂದೇ. ಶಿಕ್ಷಕರ ಪಾಠದ ಹೊತ್ತನ್ನು ಕಿತ್ತುಕೊಂಡು ನಡೆಸಿದಲ್ಲಿ ಮಕ್ಕಳು 0.57 ಎಸ್‌ಡಿ ಹಿಂದೆ ಬಿದ್ದರು, ಪಾಠದ ಹೊತ್ತಿನ ಆಚೆ ನಡೆಸಿದಲ್ಲಿ 0.28 ಮುಂದೆ ಹೋದರು.

ಹಾಗಾಗಿ ಕೇಳಬೇಕಾದ ಪ್ರಶ್ನೆ, ಕಂಪ್ಯೂಟರ್ ಯಾವುದರ ಬದಲಿಗೆ ಬಂತು ಎಂಬುದು. ಇದನ್ನು ಯೋಜನೆಯ ಪ್ರಸ್ತಾವನೆಯಲ್ಲಿ ಒಂದು ಸಾಲಿನಲ್ಲಿ ಬರೆದು ಬಿಟ್ಟರೆ ಪ್ರಯೋಜನವಿಲ್ಲ, ಪ್ರತಿ ಪೀರಿಯಡ್‌ಗೂ ದಾಖಲೆ ಬೇಕು. ಅದಕ್ಕೆ ನಾವು ಬಳಸಿದ್ದು ಅಂಗೈ ಅಗಲದ ಒಂದು ಚೀಟಿ. ಮೂರೇ ಖಾನೆ: ಇವತ್ತು ಯಾವುದಕ್ಕಾಗಿ ಕೂರಿಸಿದಿರಿ, ಟೈಮ್‌ಟೇಬಲ್ ಪ್ರಕಾರ ಈ ಹೊತ್ತಿನಲ್ಲಿ ಏನಿರಬೇಕಿತ್ತು, ಎಷ್ಟು ಯಂತ್ರ ನಡೆಯುತ್ತಿದ್ದವು. ನಾಲ್ಕನೇ ಖಾನೆ ಸೇರಿಸಿದಲ್ಲೆಲ್ಲ ಎರಡೇ ವಾರದಲ್ಲಿ ಚೀಟಿ ತುಂಬುವುದು ನಿಂತುಹೋಯಿತು. ಮೊಬೈಲ್ ಫಾರಂ ಇನ್ನೂ ಬೇಗ ಸತ್ತಿತು. ಮೊದಲ ಖಾನೆಗೆ ಮುಂಚೆಯೇ ಅಚ್ಚು ಮಾಡಿದ ನಾಲ್ಕು ಆಯ್ಕೆ ಸಾಕು: ಮಗು ತನ್ನ ಮಟ್ಟದಲ್ಲಿ ಅಭ್ಯಾಸ ಮಾಡುವುದು, ಶಿಕ್ಷಕರು ಎಲ್ಲರಿಗೂ ತೋರಿಸುವುದು, ಕಂಪ್ಯೂಟರನ್ನೇ ಕಲಿಯುವುದು, ಉಳಿದದ್ದು. ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಸಿದ ಲ್ಯಾಬನ್ನು ಗಣಿತದ ಪರೀಕ್ಷೆಯಿಂದ ಅಳೆದು "ಪರಿಣಾಮ ಶೂನ್ಯ" ಎಂದು ವರದಿ ಬರೆಯುವವರು ಇನ್ನೂ ಇದ್ದಾರೆ, ಅವರಿಗೆ ಈ ಚೀಟಿಯೊಂದೇ ಸಾಕಿತ್ತು.

ಗುಂಪುಗಳು ನಾಲ್ಕು, ಆರನೇ ತರಗತಿ, ವಿಷಯ ಗಣಿತ. ಅ: ಶಾಲೆ ಮುಗಿದ ಮೇಲೆ ಹೆಚ್ಚುವರಿ ಹೊತ್ತಿನಲ್ಲಿ ಕಂಪ್ಯೂಟರ್ ಅಭ್ಯಾಸ. ಆ: ಗಣಿತದ ಪೀರಿಯಡ್ ಬದಲಿಗೆ ಅದೇ ಅಭ್ಯಾಸ. ಇ: ಅದೇ ಹೆಚ್ಚುವರಿ ಹೊತ್ತು, ಅದೇ ಲೆಕ್ಕಗಳು, ಆದರೆ ಅಚ್ಚು ಹಾಕಿದ ಅಭ್ಯಾಸ ಪುಸ್ತಕ ಮತ್ತು ಪೆನ್ಸಿಲ್. ಈ: ಏನೂ ಬದಲಾವಣೆ ಇಲ್ಲ. ದುಡ್ಡು ಕೊಡುವವರು ಮೊದಲು ಕತ್ತರಿ ಹಾಕಲು ನೋಡುವುದು ಇ ಗುಂಪಿಗೆ, "ಪುಸ್ತಕ ಅಳೆಯಲು ನಾವು ಬಂದಿಲ್ಲ" ಎನ್ನುತ್ತಾರೆ. ಅದನ್ನು ಬಿಟ್ಟುಕೊಡಬೇಡಿ. ಅದಿಲ್ಲದಿದ್ದರೆ ಏರಿಕೆ ಯಂತ್ರದ್ದೋ, ವಾರಕ್ಕೆ ಎರಡು ಗಂಟೆ ಹೆಚ್ಚಿಗೆ ಕುಳಿತದ್ದರದ್ದೋ ಎಂದು ಯಾರೂ ಹೇಳಲಾರರು.

ಲ್ಯಾಬ್ ಈಗಾಗಲೇ ಇರುವ ಶಾಲೆಗಳನ್ನೇ ಆರಿಸಿಕೊಂಡೆವು. ಯಂತ್ರ ಕೊಳ್ಳುವ ಖರ್ಚು ಉಳಿಯಿತು, ಹೊಸ ಯಂತ್ರದ ಉತ್ಸಾಹ ಎಂಬ ಕಲಬೆರಕೆಯೂ ತಪ್ಪಿತು. ಬೇಸ್‌ಲೈನ್ (ಕಾರ್ಯಕ್ರಮ ಶುರುವಾಗುವ ಮುಂಚಿನ) ಪರೀಕ್ಷೆಯ ಸರಾಸರಿ ಪ್ರಕಾರ ಶಾಲೆಗಳನ್ನು ಸಾಲಾಗಿಟ್ಟು, ನಾಲ್ಕು ನಾಲ್ಕರಂತೆ ಹನ್ನೆರಡು ಕಟ್ಟು ಮಾಡಿ, ಪ್ರತಿ ಕಟ್ಟಿನೊಳಗೆ ಮುಖ್ಯ ಶಿಕ್ಷಕರ ಎದುರೇ ಚೀಟಿ ಎತ್ತಿಸಿದ್ದು. ಕಂಪ್ಯೂಟರಿನಲ್ಲಿ ಲಾಟರಿ ಮಾಡಿ ಪಟ್ಟಿ ಕಳಿಸಿದರೆ ಯಾರೂ ನಂಬುವುದಿಲ್ಲ, ಮರುವಾರವೇ "ನಮ್ಮನ್ನು ಅ ಗುಂಪಿಗೆ ಹಾಕಿ" ಎಂಬ ಕರೆಗಳು ಶುರುವಾಗುತ್ತವೆ. ಎದುರಲ್ಲೇ ಎತ್ತಿದ ಚೀಟಿಗೆ ತಕರಾರು ಬರಲಿಲ್ಲ.

ಈಗ ಇನ್ನೂರು ಶಾಲೆಯ ಮಾತು. ಒಂದೇ ಶಾಲೆಯ ಮಕ್ಕಳ ಅಂಕ ಒಂದೇ ಕಡೆ ವಾಲುತ್ತದೆ, ಐಸಿಸಿ (ಅಂಕಗಳ ಒಟ್ಟು ಏರುಪೇರಿನಲ್ಲಿ ಶಾಲೆ ಶಾಲೆಗಳ ನಡುವಿನ ಪಾಲು) 0.2 ಎಂದಿಟ್ಟುಕೊಳ್ಳಿ. ಗುಂಪಿಗೆ 12 ಶಾಲೆ, ಶಾಲೆಗೆ 40 ಮಕ್ಕಳು ಎಂದರೆ 480. ಈ ವಾಲುವಿಕೆಗಾಗಿ ಮಕ್ಕಳ ಸಂಖ್ಯೆಯನ್ನು ಎಷ್ಟರಿಂದ ಭಾಗಿಸಬೇಕು ಎಂದು ಹೇಳುವ ಡಿಸೈನ್ ಎಫೆಕ್ಟ್ 1 + 39×0.2, ಅಂದರೆ 8.8. ಭಾಗಿಸಿದರೆ ಆ 480 ಮಕ್ಕಳ ತೂಕ ಬಿಡಿಬಿಡಿಯಾಗಿ ಆರಿಸಿದ ಸುಮಾರು 55 ಮಕ್ಕಳಷ್ಟೇ. ಶಾಲೆಗೆ 20 ಮಕ್ಕಳನ್ನೇ ತೆಗೆದುಕೊಂಡರೆ ಒಟ್ಟು 240, ಎಫೆಕ್ಟ್ 4.8, ತೂಕ 50. ಅರ್ಧದಷ್ಟು ಪರೀಕ್ಷೆ ಉಳಿಸಿದಾಗ ಕಳೆದುಕೊಂಡದ್ದು ಐದು! ಎಲ್ಲ ಮಕ್ಕಳನ್ನೂ ಪರೀಕ್ಷಿಸಿ ಬಜೆಟ್ ಖಾಲಿ ಮಾಡಿಕೊಳ್ಳುವವರು ಈ ಎರಡು ಸಾಲಿನ ಲೆಕ್ಕ ಮಾಡಿರುವುದಿಲ್ಲ.

ಕಡಿಮೆ ಶಾಲೆಯಲ್ಲಿ ಮುಗಿಸುವ ಕೆಲಸದ ಉಳಿದ ಅರ್ಧವನ್ನು ಬೇಸ್‌ಲೈನ್ ಮಾಡುತ್ತದೆ. ಬೇಸ್‌ಲೈನ್ ಇಲ್ಲದಿದ್ದರೆ ಒಂದು ಶಾಲೆಯ ಸರಾಸರಿಯ ವೇರಿಯನ್ಸ್ (ಏರುಪೇರಿನ ಅಳತೆ) 0.2 + 0.8/20, ಅಂದರೆ 0.24. ಎರಡು ಗುಂಪಿನ ಅಂತರದ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂತರ ಬರೀ ಆಕಸ್ಮಿಕವಾಗಿ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ, 0.2. ಶಾಲೆ ಕಡಿಮೆ ಇರುವುದರಿಂದ ಮೂರರಿಂದ ಗುಣಿಸಿ, 0.6 ಎಸ್‌ಡಿಗಿಂತ ಸಣ್ಣ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಬೇಸ್‌ಲೈನ್ ಇದ್ದರೆ ಶಾಲೆಗಳ ನಡುವಿನ ಏರುಪೇರಿನಲ್ಲಿ ನೂರಕ್ಕೆ 80, ಮಕ್ಕಳ ನಡುವಿನದರಲ್ಲಿ ಅರ್ಧ ಅದರಲ್ಲೇ ಕರಗುತ್ತದೆ. ಆಗ 0.04 + 0.02, ಎರರ್ 0.1, ಕಾಣುವ ಪರಿಣಾಮ 0.3. ಬೇಸ್‌ಲೈನ್ ಇಲ್ಲದೆ ಅದೇ ನಿಖರತೆ ಬೇಕೆಂದರೆ ಗುಂಪಿಗೆ 48ರಂತೆ 192 ಶಾಲೆ ಬೇಕಾಗುತ್ತಿತ್ತು. ಇನ್ನೂರು ಎಂದವರ ಲೆಕ್ಕ ತಪ್ಪಿರಲಿಲ್ಲ, ಬೇಸ್‌ಲೈನನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ.

ಆದರೆ ಆ 80 ತಾನಾಗಿ ಬರುವುದಿಲ್ಲ, ಪ್ರಶ್ನೆಪತ್ರಿಕೆ ಒಳ್ಳೆಯದಿರಬೇಕು. ಆರನೇ ತರಗತಿಯ ಮಕ್ಕಳಿಗೆ ಆರನೇ ತರಗತಿಯ ಪ್ರಶ್ನೆಗಳನ್ನೇ ಕೊಟ್ಟರೆ ಅರ್ಧ ತರಗತಿ ತಳದಲ್ಲಿ ರಾಶಿ ಬೀಳುತ್ತದೆ. ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರಿನ ದೆಹಲಿ ಅಧ್ಯಯನದಲ್ಲಿ (2019) ಆರನೆಯವರು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ತಳದಲ್ಲಿರುವ ಮಗು ಅಲ್ಲಿಂದ ಎಷ್ಟು ಮೇಲೆದ್ದರೂ ಅಂಕ ಸೊನ್ನೆಯೇ. ನಮ್ಮ ಪತ್ರಿಕೆಯಲ್ಲಿ ಸುಮಾರು 30 ಪ್ರಶ್ನೆ, ಎರಡನೇ ತರಗತಿಯ ಕಳೆಯುವ ಲೆಕ್ಕದಿಂದ ಹಿಡಿದು ಆರನೆಯ ಭಿನ್ನರಾಶಿಯವರೆಗೆ. ಅಧ್ಯಯನಕ್ಕೆ ಸೇರದ ಶಾಲೆಗಳಲ್ಲಿ ಮೊದಲು ಕೊಟ್ಟು ನೋಡಿ, ನೂರರಲ್ಲಿ ತೊಂಬತ್ತು ಮಕ್ಕಳಿಗೆ ಬಂದದ್ದು, ಹತ್ತಕ್ಕಿಂತ ಕಡಿಮೆ ಮಕ್ಕಳಿಗೆ ಬಂದದ್ದು ಎರಡನ್ನೂ ಕಿತ್ತುಹಾಕಿ. ಎಂಡ್‌ಲೈನಿಗೂ (ಕೊನೆಯ ಪರೀಕ್ಷೆಗೂ) ಎಂಟು ಹತ್ತು ಪ್ರಶ್ನೆ ಅವೇ ಇರಲಿ, ಇಲ್ಲದಿದ್ದರೆ ಎರಡು ಪರೀಕ್ಷೆಗಳನ್ನು ಒಂದೇ ಅಳತೆಗೆ ತರಲಾಗದು. ಅಕ್ಕಪಕ್ಕದವರಿಗೆ ಬೇರೆ ಕ್ರಮದ ಪತ್ರಿಕೆ ಕೊಡಿ.

ಪರೀಕ್ಷೆ ಕಾಗದದ ಮೇಲೆಯೇ ಆಗಬೇಕು. ಪರದೆಯ ಮೇಲೆ ಕೊಟ್ಟರೆ ಮೌಸ್ ರೂಢಿಯಾದ ಮಕ್ಕಳಿಗೆ ಸುಮ್ಮನೆ ಅಂಕ ಸಿಗುತ್ತದೆ, ಅದು ಗಣಿತವಲ್ಲ. ಗುಂಡಿ ತುಂಬುವ ಒಎಂಆರ್ ಹಾಳೆಯೂ ಈ ವಯಸ್ಸಿಗೆ ಆಗಿಬರುವುದಿಲ್ಲ: ಅರ್ಧ ತುಂಬಿದ ಗುಂಡಿ, ಉಜ್ಜಿ ಅಳಿಸಿದ ಗುಂಡಿ, ಒಂದು ಸಾಲು ಕೆಳಗೆ ಜಾರಿದ ಉತ್ತರಗಳು. ಪತ್ರಿಕೆಯಲ್ಲೇ ಬರೆಸಿ, ಇಬ್ಬರಿಂದ ಬೇರೆ ಬೇರೆಯಾಗಿ ಎಂಟ್ರಿ ಮಾಡಿಸಿ, ಹೊಂದದ್ದನ್ನು ಮೂರನೆಯವರು ಮೂಲ ನೋಡಿ ತೀರ್ಮಾನಿಸುವುದೇ ಕೊನೆಗೆ ಅಗ್ಗ.

ಯಾವ ಮಗು ಯಾವಾಗ ಏನು ಮಾಡಿತು ಎಂದು ಯಂತ್ರವೇ ಬರೆದಿಡುವ ಬಳಕೆಯ ಲಾಗ್ ವಿಷಯಕ್ಕೆ ಬಂದರೆ, ಎಲ್ಲರೂ ಸಾಫ್ಟ್‌ವೇರ್ ನೋಡುತ್ತಾರೆ, ಗಡಿಯಾರ ಯಾರೂ ನೋಡುವುದಿಲ್ಲ. ಕೊಲಿಬ್ರಿಯಂಥ ಆಫ್‌ಲೈನ್ ಕಲಿಕೆಯ ವೇದಿಕೆಯನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಸರ್ವರ್ ಮಾಡಿ ಕೂರಿಸುವುದು ಸುಲಭ. ಆದರೆ ಪೈ 4ರವರೆಗಿನವುಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಇಂಟರ್‌ನೆಟ್ ಇಲ್ಲದ ಕಡೆ ಅದು ಆಫ್ ಮಾಡುವಾಗ ಉಳಿಸಿಕೊಂಡ ಸಮಯದಿಂದಲೇ ಮತ್ತೆ ಶುರುಮಾಡುತ್ತದೆ. ಶುಕ್ರವಾರ ಸಂಜೆ ಆಫ್ ಮಾಡಿ ಸೋಮವಾರ ಬೆಳಿಗ್ಗೆ ಹಾಕಿದರೆ ಸೋಮವಾರದ ಕೆಲಸಕ್ಕೆಲ್ಲ ಶುಕ್ರವಾರ ಸಂಜೆಯ ಮುದ್ರೆ. ಲಾಗ್ ನೋಡಲು ನೀಟಾಗಿರುತ್ತದೆ, ತಪ್ಪು ಎಂದು ಅನಿಸುವುದೇ ಇಲ್ಲ, ಪೀರಿಯಡ್ ಚೀಟಿಯ ಜೊತೆ ಹೋಲಿಸಿದಾಗ ಮಾತ್ರ ಗೊತ್ತಾಗುತ್ತದೆ. ಪರಿಹಾರ ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್, ಪೈನ ಐ2ಸಿ ಪಿನ್‌ಗಳಿಗೆ ಸಿಕ್ಕಿಸುವುದು. ವರ್ಷಕ್ಕೆ ಒಂದು ನಿಮಿಷದ ಆಚೀಚೆ ಅಷ್ಟೇ ತಪ್ಪುತ್ತದೆ. ಆ ಉಳಿಸಿಕೊಂಡ ಸಮಯವನ್ನು ತುಂಬುವ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಸೇವೆಯನ್ನು ತೆಗೆದುಹಾಕಲು ಮರೆಯಬಾರದು, ಇಲ್ಲದಿದ್ದರೆ ಎರಡೂ ಜಗಳವಾಡುತ್ತವೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಾದರೆ ಮದರ್‌ಬೋರ್ಡಿನ ಸಿಆರ್2032 ಗಡಿಯಾರದ ಬ್ಯಾಟರಿ ಸತ್ತಿರುತ್ತದೆ, ನೀವು ಲ್ಯಾಬಿಗೆ ಹೋದ ತಕ್ಷಣ ಎಲ್ಲವನ್ನೂ ಬದಲಿಸಿಬಿಡಿ, ಒಂದೊಂದಾಗಿ ಕಾಯಬೇಡಿ.

ಲಾಗಿನಲ್ಲಿ "40 ನಿಮಿಷ" ಎಂದಿದ್ದರೆ ನಂಬಬೇಡಿ. ಎರಡು ನಿಮಿಷ ಕೀಲಿ ಒತ್ತದಿದ್ದರೆ ಆ ಹೊತ್ತನ್ನು ಕಳೆಯಬೇಕು, ಮೂರು ಸೆಕೆಂಡಿನೊಳಗೆ ಬಂದ ಉತ್ತರವನ್ನು ಊಹೆ ಎಂದು ಬೇರೆ ಇಡಬೇಕು. ಹೀಗೆ ಸೋಸಿದ ಮೇಲೆ 40 ನಿಮಿಷದ ಪೀರಿಯಡ್‌ನಲ್ಲಿ ನಿಜವಾದ ಅಭ್ಯಾಸ 22, 23 ನಿಮಿಷಕ್ಕೆ ಇಳಿಯಿತು. ಉಳಿದದ್ದೆಲ್ಲ ಲ್ಯಾಬಿಗೆ ನಡೆಯುವುದು, ಯಂತ್ರ ಏಳುವುದು, ಪಾಸ್‌ವರ್ಡ್ ಮರೆಯುವುದು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದು, ಪ್ರತಿ ಮಗುವಿಗೂ ಲಾಗಿನ್ ಬರೆದ ಗಟ್ಟಿ ಕಾರ್ಡ್ ಕೊಟ್ಟದ್ದು, ಜಾಗ ಖಾಯಂ ಮಾಡಿದ್ದು, ಈ ಮೂರರಿಂದ ಅದು 30ರ ಹತ್ತಿರ ಬಂತು. ಇಡೀ ಯೋಜನೆಯಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಟ್ಟದ್ದು ಆ ರಟ್ಟಿನ ಕಾರ್ಡು.

ನಡುವೆ ಒಂದು ಉಪಕಥೆ. ಒಂದು ಯಂತ್ರಕ್ಕೆ ಇಬ್ಬರು ಕೂತಾಗ ಕೀಲಿಮಣೆ ಚುರುಕು ಮಗುವಿನ ಪಾಲು, ಲಾಗಿನಲ್ಲಿ ಒಂದೇ ಹೆಸರು, ಇನ್ನೊಂದು ಮಗು ಲೆಕ್ಕಕ್ಕೇ ಇಲ್ಲ. ಇದಕ್ಕೆ ಎರಡು ಯುಎಸ್‌ಬಿ ನಂಬರ್ ಪ್ಯಾಡ್ ಸಿಕ್ಕಿಸಿ, ಪರದೆಯನ್ನು ಎರಡು ಭಾಗ ಮಾಡಿ ನೋಡಿದೆವು. ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಎರಡೂ ಪ್ಯಾಡಿನ ಒತ್ತುಗಳನ್ನು ಒಂದೇ ಹರಿವಿಗೆ ಸೇರಿಸಿಬಿಡುತ್ತದೆ. ಲಿನಕ್ಸಿನಲ್ಲಿ ಕೀಲಿ ಒತ್ತುಗಳನ್ನು ನೇರವಾಗಿ ಓದಿಸುವ ಇವ್‌ಡೆವ್ ಮೂಲಕ ಪ್ರತಿ ಸಾಧನವನ್ನೂ ಬೇರೆಯಾಗಿ ಓದಬಹುದು, ಆದರೆ ಇನ್‌ಪುಟ್ ಗುಂಪಿನ ಅನುಮತಿ ಕೊಡಬೇಕು, ಪೋರ್ಟ್ ಬದಲಾದರೆ ಎಡ ಬಲ ಅದಲುಬದಲಾಗುತ್ತದೆ. ಪೋರ್ಟಿನ ದಾರಿಯನ್ನೇ ಗುರುತಾಗಿ ಕಟ್ಟಿಹಾಕುವ ಯೂಡೆವ್ (ಸಾಧನಗಳನ್ನು ಗುರುತಿಸುವ ಲಿನಕ್ಸ್ ಸೇವೆ) ನಿಯಮ ಬರೆದ ಮೇಲೆ ಸರಿಹೋಯಿತು. ಕೆಲಸ ಮಾಡಿತು, ಆದರೂ ಮುಖ್ಯ ಅಧ್ಯಯನಕ್ಕೆ ಸೇರಿಸಲಿಲ್ಲ: ನಡುವಿನಲ್ಲಿ ಉಪಕರಣ ಬದಲಿಸಿದರೆ ಅಳತೆ ಕೆಡುತ್ತದೆ.

ಲಾಗ್ ಎಷ್ಟೇ ಸೋಸಿದರೂ ಕಣ್ಣಿನ ಸಾಕ್ಷಿ ಬೇಕು. ಮುನ್ಸೂಚನೆ ಇಲ್ಲದೆ ಹೋಗಿ, ಐದೈದು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಕಣ್ಣು ಹಾಯಿಸಿ, ಪ್ರತಿ ಮಗುವಿಗೂ ಒಂದಕ್ಷರ: ಮಾಡುತ್ತಿದೆ, ಕಾಯುತ್ತಿದೆ, ಬೇರೇನೋ. ಭೇಟಿಯ ದಿನ ಯಾರಿಗೂ ಊಹೆಗೆ ಸಿಗದಂತೆ ಹೇಗೆ ಗೊತ್ತುಮಾಡುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದ ದಿನವೇ ಅದು ಕೆಲಸಕ್ಕೆ ಬಾರದಾಗುತ್ತದೆ. ಚೀಟಿಯಲ್ಲಿ ಸುಳ್ಳು ತುಂಬಿದ್ದನ್ನು ಹಿಡಿಯುವ ಉಪಾಯವೂ ಹಾಗೆಯೇ.

ಹಣದ ವಿಚಾರ: ಒಟ್ಟು ಖರ್ಚಿನಲ್ಲಿ ಮೂರನೇ ಎರಡು ಪಾಲು ಜನರಿಗೆ, ಓಡಾಟಕ್ಕೆ, ಅಚ್ಚಿಗೆ ಹೋಗುತ್ತದೆ. ರಿಪೇರಿ, ಬ್ಯಾಟರಿ, ಎಸ್‌ಎಸ್‌ಡಿ ಎಲ್ಲ ಸೇರಿ ಆರನೇ ಒಂದು. ಪರೀಕ್ಷೆಯ ದಿನ ಬಾರದ ಮಕ್ಕಳನ್ನು ಹುಡುಕಿ ಮತ್ತೆ ಹೋಗುವುದಕ್ಕೆ ಬೇರೆಯೇ ಹಣ ಇಡದಿದ್ದರೆ ಎಂಡ್‌ಲೈನ್ ಹೊತ್ತಿಗೆ ಕೈ ಖಾಲಿ. ಬಾರದವರು ಸಾಮಾನ್ಯವಾಗಿ ಹಿಂದುಳಿದವರೇ, ಅವರನ್ನು ಬಿಟ್ಟರೆ ಸರಾಸರಿ ಸುಳ್ಳೇ ಏರುತ್ತದೆ. ಅ ಗುಂಪಿನಲ್ಲಿ ಒಂದು ದಿನವೂ ಸಂಜೆ ಉಳಿಯದ ಮಗುವನ್ನು ಪಟ್ಟಿಯಿಂದ ತೆಗೆಯಿರಿ ಎಂದು ಶಿಕ್ಷಕರು ಕೇಳಿಕೊಳ್ಳುತ್ತಾರೆ. ತೆಗೆಯಬಾರದು. ದೆಹಲಿಯ ಅಧ್ಯಯನದಲ್ಲೂ ಲಾಟರಿ ಗೆದ್ದವರ ಹಾಜರಿ ನೂರಕ್ಕೆ 60ರ ಒಳಗೇ ಇತ್ತು, ಅವರನ್ನೆಲ್ಲ ಸೇರಿಸಿಯೇ ಗಣಿತಕ್ಕೆ 0.37 ಬಂದದ್ದು.

ವಿಶ್ಲೇಷಣೆಗೆ ಮಾಮೂಲಿ ಕ್ಲಸ್ಟರ್ ಎರರ್ (ಒಂದೇ ಶಾಲೆಯ ಮಕ್ಕಳನ್ನು ಒಂದು ಗುಂಪೆಂದು ಎಣಿಸುವ ಸ್ಟ್ಯಾಂಡರ್ಡ್ ಎರರ್) ಬಳಸಿದರೆ ಗುಂಪಿಗೆ 12 ಶಾಲೆ ಇರುವಾಗ ಅದು ಅಗತ್ಯಕ್ಕಿಂತ ಸಣ್ಣದಾಗಿ, ಇಲ್ಲದ ಪರಿಣಾಮವನ್ನೂ ತೋರಿಸುತ್ತದೆ. ಅದೇ ಹನ್ನೆರಡು ಕಟ್ಟಿನೊಳಗೆ ಚೀಟಿಯನ್ನು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಮತ್ತೆ ಎತ್ತಿಸಿ, ನಿಜವಾದ ಅಂತರ ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿ. ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ಮೂವತ್ತು ಸಾಲಿನ ಕೋಡ್ ಸಾಕು.

ಫಲಿತಾಂಶದಲ್ಲಿ "ಅ" (ಹೆಚ್ಚುವರಿ ಹೊತ್ತಿನ ಕಂಪ್ಯೂಟರ್) ಎಲ್ಲಕ್ಕಿಂತ ಮೇಲೆ, "ಇ" (ಪುಸ್ತಕ) ಅದರ ಕೆಳಗೆ ಅಷ್ಟೇನೂ ದೂರವಿಲ್ಲದೆ, "ಆ" (ಪೀರಿಯಡ್ ಬದಲಿಗೆ ಕಂಪ್ಯೂಟರ್) ಗುಂಪು "ಈ" (ಬದಲಾವಣೆ ಇಲ್ಲದ) ಗುಂಪಿನ ಪಕ್ಕದಲ್ಲೇ. ಏರಿಕೆಯ ದೊಡ್ಡ ಪಾಲು ಹೆಚ್ಚುವರಿ ಹೊತ್ತಿನದು, ಯಂತ್ರದ್ದು ಅದರ ಮೇಲಿನ ಪದರ. ಆ ಪದರವೂ ಮುಖ್ಯವಾಗಿ ಎರಡು ಮೂರು ತರಗತಿ ಹಿಂದಿದ್ದ ಮಕ್ಕಳಲ್ಲೇ ಕಂಡಿತು. ಎಲ್ಲರಿಗೂ ಒಂದೇ ಪುಟ ಕೊಡುವ ಪುಸ್ತಕ ಅವರ ಮಟ್ಟಕ್ಕೆ ಇಳಿಯಲಾರದು, ಕಂಪ್ಯೂಟರ್ ಇಳಿಯುತ್ತದೆ. ಇದು ಉಳಿಯುತ್ತದೆಯೇ ಎಂಬುದು ಬೇರೆ ಮಾತು. ವಡೋದರದಲ್ಲಿ ಕಾರ್ಯಕ್ರಮ ನಿಂತ ವರ್ಷದ ನಂತರ 0.47ರಲ್ಲಿ ಉಳಿದದ್ದು 0.1ರಷ್ಟು. ಅದಕ್ಕೇ ನಾವು ಬಜೆಟ್ಟಿನ ಎಂಟನೇ ಒಂದು ಪಾಲನ್ನು ಮುಟ್ಟದೆ ಇಟ್ಟಿದ್ದೇವೆ, ಮುಂದಿನ ವರ್ಷ ಅದೇ ಮಕ್ಕಳಿಗೆ, ಅವರು ಬೇರೆ ಶಾಲೆಗೆ ಹೋಗಿದ್ದರೂ, ಮತ್ತೊಂದು ಪರೀಕ್ಷೆ ಇದೆ. ವಿಳಾಸದ ಪಟ್ಟಿಯನ್ನು ಎಂಡ್‌ಲೈನ್ ದಿನವೇ ಹೊಸದಾಗಿ ಬರೆಸಿಕೊಳ್ಳಿ, ರಜೆಯ ನಂತರ ಅರ್ಧ ಫೋನ್ ನಂಬರ್‌ಗಳು ನಡೆಯುವುದಿಲ್ಲ.