ನಿಮ್ಮ ಹಾಡನ್ನು ನೀವೇ ಬಿಡುಗಡೆ ಮಾಡುವುದು ಹೇಗೆ?

ನವಲಗುಂದ, ಶಿಗ್ಗಾಂವಿ, ರೋಣ, ಎಲ್ಲೇ ಹೋಗಿ, ಚೆಂದ ಹಾಡುವವರು ಸಿಗುತ್ತಾರೆ. ಆದರೆ ಎಷ್ಟೋ ಸಲ ಅವರ ಹಾಡು ಇರುವುದು ಬೇರೆ ಯಾರದೋ ಯೂಟ್ಯೂಬ್ ಚಾನೆಲ್‌ನಲ್ಲಿ. ಒಂದಿಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಗೀತು, ಆಮೇಲೆ ಹಾಡು ಎಷ್ಟೇ ಓಡಿದರೂ ಹಾಡಿದವರಿಗೆ ಏನೂ ಬರುವುದಿಲ್ಲ. ಕಂಪನಿಯ ಹಂಗಿಲ್ಲದೆ ನೀವೇ ಬಿಡುಗಡೆ ಮಾಡಬಹುದು, ಖರ್ಚೂ ಜಾಸ್ತಿ ಇಲ್ಲ. ಮೊದಲು ಯಾವುದು, ಆಮೇಲೆ ಯಾವುದು ಅಂತ ಗೊತ್ತಿರಬೇಕು.

ಮೊದಲು ಹಕ್ಕು ನೋಡಿಕೊಳ್ಳಿ

ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕು. ಸಾಹಿತ್ಯ, ಸಂಗೀತದ ಹಕ್ಕು ಅವುಗಳನ್ನು ಮಾಡಿದವರು ತೀರಿದ ಮೇಲೂ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಹಾಗಾಗಿ ಅವರ ತತ್ವಪದಕ್ಕೆ ಯಾರ ಅಪ್ಪಣೆಯೂ ಬೇಡ. ವಚನಕ್ಕೂ ಬೇಡ. ಆದರೆ ನೀವು ಕ್ಯಾಸೆಟ್‌ನಲ್ಲಿ ಕೇಳಿ ಕಲಿತ ಧಾಟಿಯಲ್ಲೇ ಹಾಡಿದರೆ, ಆ ಧಾಟಿ ಕಟ್ಟಿದವರ ಹಕ್ಕು ಅಡ್ಡ ಬರಬಹುದು. ಬೇಂದ್ರೆಯವರು ತೀರಿದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಧಾರವಾಡದವರಿಗೆ ಬೇಂದ್ರೆ ನಮ್ಮ ಮನೆಯವರೇ ಅನ್ನಿಸುತ್ತದೆ, ಅಲ್ವಾ? ಆದರೂ ಹಕ್ಕುದಾರರಿಂದ ಬರಹದಲ್ಲಿ ಅನುಮತಿ ಪಡೆಯಲೇಬೇಕು.

ರೆಕಾರ್ಡಿಂಗ್ ಹಕ್ಕು ಸಿಗುವುದು ಅದನ್ನು ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದವರಿಗೆ. ಅದಕ್ಕೇ ಸ್ಟುಡಿಯೋ ಬಿಲ್ ನಿಮ್ಮ ಹೆಸರಿಗೇ ಇರಲಿ, ದುಡ್ಡು ನಿಮ್ಮ ಖಾತೆಯಿಂದಲೇ ಹೋಗಲಿ. ತಬಲಾ, ಹಾರ್ಮೋನಿಯಂ ನುಡಿಸಿದವರಿಗೆ ಒಂದೇ ಸಲ ಸಂಭಾವನೆಯೋ, ಬಂದದ್ದರಲ್ಲಿ ಪಾಲೋ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅಂತ ಸಂಕೋಚ ಬೇಡ. ಸ್ನೇಹ ಉಳಿಯಬೇಕೆಂದರೆ ಈ ಹಾಳೆ ಬೇಕು.

ಯಾರಾದರೂ ಒಪ್ಪಂದ ತಂದರೆ "ಶಾಶ್ವತವಾಗಿ", "ಜಗತ್ತಿನಾದ್ಯಂತ" ಅನ್ನುವ ಪದ ಎಲ್ಲಿದೆ ಅಂತ ಹುಡುಕಿ. ಹಕ್ಕು ವರ್ಗಾವಣೆ ಸಹಿ ಇರುವ ಬರಹದಲ್ಲೇ ಆಗಬೇಕು ಅನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಅವಧಿ ಬರೆದಿರದಿದ್ದರೆ 5 ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೇ ಲೆಕ್ಕ. ಈಗಾಗಲೇ ಸಹಿ ಮಾಡಿದವರೂ ಹಳೆಯ ಕಾಗದ ತೆಗೆದು ಇದನ್ನು ನೋಡಿಕೊಳ್ಳಿ.

ರೆಕಾರ್ಡಿಂಗ್

ಮನೆಯಲ್ಲೇ ಮಾಡುವುದಾದರೆ ಫ್ಯಾನ್ ಬಂದ್ ಮಾಡಿ, ಹಾಸಿಗೆ, ಕೌದಿ, ಬಟ್ಟೆ ತುಂಬಿದ ಕೋಣೆ ಆರಿಸಿಕೊಳ್ಳಿ. ಖಾಲಿ ಕೋಣೆಯಲ್ಲಿ ದನಿ ಮೊಳಗುತ್ತದೆ. ತಗಡಿನ ಮನೆಯಾದರೆ ಮಳೆಗಾಲದಲ್ಲಿ ಆಗದ ಮಾತು. ಹಾರ್ಮೋನಿಯಂ ಹಾಡುಗಾರರ ಮೈಕಿಗೆ ನುಗ್ಗಿದರೆ ಆಮೇಲೆ ಬೇರೆ ಮಾಡಲು ಬರುವುದಿಲ್ಲ, ಪೆಟ್ಟಿಗೆ ಆದಷ್ಟು ದೂರ ಇಟ್ಟು ಅದಕ್ಕೆ ಇನ್ನೊಂದು ಮೈಕು ಕೊಡಿ. ಬಾಯಿಂದ ಮೈಕಿಗೆ ಒಂದು ಗೇಣು ಅಂತರ ಸಾಕು. ಕೊನೆಯ ಫೈಲ್ ವೇವ್ ರೂಪದಲ್ಲಿರಲಿ, 44.1 ಕಿಲೋಹರ್ಟ್ಸ್. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಂಪಿತ್ರೀ ಬೇಡವೇ ಬೇಡ.

ಹಂಚುವವರ ಆಯ್ಕೆ

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ನಂಥ ಕಡೆ ಹಾಡು ಹೋಗುವುದು ಡಿಸ್ಟ್ರಿಬ್ಯೂಟರ್, ಅಂದರೆ ಹಾಡು ಹಂಚುವ ಕಂಪನಿಯ ಮೂಲಕ. ಅಂಥದ್ದರಲ್ಲಿ ಡಿಸ್ಟ್ರೋಕಿಡ್ ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುತ್ತದೆ. ರೂಟ್‌ನೋಟ್ ಅನ್ನುವ ಇನ್ನೊಂದರಲ್ಲಿ ಪುಕ್ಕಟೆ ಯೋಜನೆಯೂ ಇದೆ, ಅದರಲ್ಲಿ ಬಂದ ಹಣದ ಶೇ 15 ಅವರಿಗೆ. ಮೊದಲ ಹಾಡಿಗೆ ಪುಕ್ಕಟೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕು, ಡಿಸ್ಟ್ರಿಬ್ಯೂಟರೇ ಕೊಡುತ್ತಾರೆ. ಬರೆದಿಟ್ಟುಕೊಳ್ಳಿ, ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ಗುರುತು ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುತ್ತದೆ. ಮುಖಪುಟದ ಚಿತ್ರ 3000 ಪಿಕ್ಸೆಲ್ ಚೌಕ ಇರಲಿ.

ಹೆಸರಿನ ವಿಷಯದಲ್ಲಿ ಅವಸರ ಬೇಡ. ಎಚ್‌ಎಂವಿ ಅನ್ನುವ ರೆಕಾರ್ಡ್ ಕಂಪನಿಯ ಕಾಲದಲ್ಲಿ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಮೊದಲ ಪ್ಲೇಟುಗಳು ಬಂದಿದ್ದು ಗಾಂಧಾರಿ ಅನ್ನುವ ಹೆಸರಿನಲ್ಲಿ. ಈಗ ಹೆಸರು ತುಂಬುವವರು ನೀವೇ. ಎಲ್ಲ ಕಡೆ ಒಂದೇ ಕಾಗುಣಿತ ಇರಲಿ, ಇಂಗ್ಲಿಷಿನಲ್ಲಿ ಬರೆಯುವಾಗಲೂ ಅಷ್ಟೇ. ಬಸವರಾಜ ಅಂತ ಬರೀ ಒಂದೇ ಹೆಸರು ಹಾಕಿದರೆ ನಿಮ್ಮ ಹಾಡು ಇನ್ನೊಬ್ಬ ಬಸವರಾಜನ ಪುಟಕ್ಕೆ ಹೋಗಿ ಕೂರುತ್ತದೆ, ಊರಿನ ಹೆಸರನ್ನೂ ಸೇರಿಸಿ.

ಬಿಡುಗಡೆಯ ದಿನ ಮತ್ತು ದುಡ್ಡು

ಮೂರ್ನಾಲ್ಕು ವಾರ ಮುಂಚೆಯೇ ಅಪ್‌ಲೋಡ್ ಮಾಡಿ. ಪ್ಲೇಲಿಸ್ಟ್‌ಗೆ ಹಾಡು ಆರಿಸುವ ಸ್ಪಾಟಿಫೈ ಸಂಪಾದಕರಿಗೆ ನಿಮ್ಮ ಹಾಡು ತೋರಿಸಬೇಕೆಂದರೆ ಕನಿಷ್ಠ 7 ದಿನ ಮೊದಲು ಕಳಿಸಬೇಕು. ಅಪ್‌ಲೋಡ್ ಮಾಡುವಾಗ ಇನ್‌ಸ್ಟಾಗ್ರಾಂ ಆಯ್ಕೆಗೆ ಟಿಕ್ ಹಾಕುವುದು ಮರೆಯಬೇಡಿ, ಜಾತ್ರೆ, ಮದುವೆಯ ರೀಲ್ಸ್‌ನಲ್ಲಿ ನಿಮ್ಮ ಹಾಡು ಓಡುವುದು ಅಲ್ಲಿಂದಲೇ.

ಇನ್ನು ದುಡ್ಡು. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. ಅರ್ಧ ಗಂಟೆಯ ಯಮನ್ ರಾಗ ಪೂರ್ತಿ ಕೇಳಿದರೂ ಅದೇ ಒಂದು. ಹಿಂದೂಸ್ತಾನಿಯ ಖ್ಯಾಲ್ ಹಾಡುವವರಿಗೆ ಇದು ಅನ್ಯಾಯವೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ವರ್ಷಗಟ್ಟಲೆ ಕಲಿತು ಬಂದವರು ಮೂರು ನಿಮಿಷಕ್ಕೆ ರಾಗ ಕತ್ತರಿಸಬೇಕೇ? ಬೇಡ. ವಿಲಂಬಿತ (ನಿಧಾನ), ದ್ರುತ (ವೇಗ) ಎರಡನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿ. ಪೂರ್ತಿ ರಾಗವನ್ನು ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಮಾರಾಟಕ್ಕಿಡಿ, ಅಲ್ಲಿ ಬೆಲೆ ಇಡುವುದು ನೀವು, ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ 15. ವಿದೇಶದ ಕೇಳುಗರು ಕೊಳ್ಳುವುದೂ ಅಲ್ಲೇ ಸುಲಭ. ಸ್ವಂತ ಸಾಹಿತ್ಯ, ಸ್ವಂತ ಸಂಯೋಜನೆ ಇದ್ದವರು ಸಾಹಿತಿ, ಸಂಯೋಜಕರಿಗೆ ರಾಯಧನ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾದರೆ ರಾಯಧನ ಬೇರೆ ಬರುತ್ತದೆ.

ಬಿಡುಗಡೆಯಾದ ಮೇಲೆ ಯೂಟ್ಯೂಬ್‌ನಲ್ಲಿ ಯಾರಾದರೂ ನಿಮ್ಮ ಹಾಡನ್ನೇ ತಮ್ಮದೆಂದು ಕ್ಲೇಮ್ ಹಾಕಿದರೆ ಹೆದರಿ ವಿಡಿಯೋ ತೆಗೆಯಬೇಡಿ. ನೆಟ್‌ನಲ್ಲಿ ಸಿಕ್ಕ ರೆಡಿಮೇಡ್ ಬೀಟ್ ಬಳಸಿದವರಿಗೆ ಇದು ಜಾಸ್ತಿ. ಬಿಲ್, ಸಹಿ ಮಾಡಿದ ಹಾಳೆ, ಮೂಲ ಫೈಲ್ ಕೈಯಲ್ಲಿ ಇಟ್ಟುಕೊಂಡು ಆಕ್ಷೇಪಣೆ ಸಲ್ಲಿಸಿ. ಕ್ಲೇಮ್ ಹಾಕಿದವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅದು ತಾನಾಗೇ ಬಿದ್ದುಹೋಗುತ್ತದೆ.