ಸೀತಾನದಿಯ ಹಸಿರು ರೆಕ್ಕೆ

ಡ್ಯಾಮ್ಸೆಲ್‌ಫ್ಲೈ ಫೋಟೊಕ್ಕೆಂದು ನಾನು ಸೀತಾನದಿಗೆ ಇಳಿಯುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಆಗುಂಬೆ ಘಟ್ಟದ ಕೆಳಗೆ ಹೊಳೆ ತಿಳಿಯಾಗಿ, ಹೆಬ್ರಿ ಕಡೆಯ ಬಂಡೆಗಳು ತಲೆ ಎತ್ತಿರುತ್ತವೆ. ಸೋಮೇಶ್ವರ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು. ನನಗೆ ಹೊರಗಿನ ಹೊಳೆಯೇ ಸಾಕು.

ಡ್ಯಾಮ್ಸೆಲ್‌ಫ್ಲೈಗಳು ಏರೋಪ್ಲೇನ್ ಚಿಟ್ಟೆಯ ನೆಂಟರು, ಮೈ ಮಾತ್ರ ಕಡ್ಡಿಯಂತೆ ತೆಳು. ನಾನು ಹೆಚ್ಚು ಹೊತ್ತು ಕಾಯುವುದು ಅವುಗಳಲ್ಲೇ ಸ್ಟ್ರೀಮ್ ಗ್ಲೋರಿ ಎಂಬ ಜಾತಿಯ ಗಂಡಿಗೆ. ರೆಕ್ಕೆ ಮಡಚಿ ಕೂತಾಗ ಅದು ಬರೀ ಕಂದು. ಎದುರಾಳಿ ಹತ್ತಿರ ಸುಳಿದರೆ ಸಾಕು, ಹಿಂದಿನ ಜೋಡಿ ರೆಕ್ಕೆ ಬಿಚ್ಚಿಕೊಂಡು ಹಸಿರು ಮಿಂಚುತ್ತದೆ. ಈ ಹಸಿರು ಬಣ್ಣದ ಪುಡಿಯದಲ್ಲ, ರೆಕ್ಕೆಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವಂಥದ್ದು. ಕೋನ ತಪ್ಪಿದರೆ ರೆಕ್ಕೆ ಕಪ್ಪಾಗಿ ಬರುತ್ತದೆ. ಅದಕ್ಕೇ ಲೆನ್ಸ್ ಯಾವುದು ಎನ್ನುವುದಕ್ಕಿಂತ ಎಲ್ಲಿ ಕೂರಬೇಕು ಎನ್ನುವುದನ್ನು ಮೊದಲು ನೋಡುತ್ತೇನೆ: ಬಿಸಿಲು ಬೆನ್ನಿಗೆ, ನನ್ನ ನೆರಳು ಹುಳದ ಮೇಲೆ ಬೀಳದಷ್ಟು ಪಕ್ಕಕ್ಕೆ, ಮೊಣಕಾಲುದ್ದ ನೀರಲ್ಲಿ. ಬಿಸಿಲು ನೀರಿಗೆ ತಾಗುವ ಹತ್ತು ಗಂಟೆಯ ಮೇಲೆಯೇ ಆಟ ಶುರು.

ಹಾರಿಹೋಯಿತೆಂದು ಬೆನ್ನಟ್ಟುವುದು ದಂಡ. ಗಂಡು ಸಾಮಾನ್ಯವಾಗಿ ತನ್ನ ಬಂಡೆಗೇ ಮರಳುತ್ತದೆ. ಅಲ್ಲಿಗೇ ಫೋಕಸ್ ಇಟ್ಟು, ಅಪರ್ಚರ್ ಎಫ್/8, ಶಟರ್ 1/1000 ಸೆಕೆಂಡಿಗಿಂತ ವೇಗವಾಗಿಟ್ಟು ಕಾಯುತ್ತೇನೆ. ಕೂತ ಹುಳವಾದರೆ ಉದ್ದನೆಯ ಮೈಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಬೇಕು, ಇಲ್ಲವಾದರೆ ಕಣ್ಣು ಸ್ಪಷ್ಟ, ಬಾಲ ಮಸುಕು. ಹೆಣ್ಣಿನ ಮುಂದೆ ಗಂಡು ಹಿಂದಿನ ರೆಕ್ಕೆಗಳನ್ನು ಬಿಡಿಸಿಟ್ಟು, ಮುಂದಿನವುಗಳಿಂದಷ್ಟೇ ಹಾರುವುದುಂಟು. ನನಗೆ ಬೇಕಾದ ಚಿತ್ರ ಅದೇ.

ಅರ್ಧ ಮುಳುಗಿದ ಕೊಳೆತ ಮರದ ತುಂಡು ಸಿಕ್ಕರೆ ಬಿಡಬೇಡಿ. ರಿವರ್ ಹೀಲಿಯೋಡರ್ ಎಂಬ ಇನ್ನೊಂದು ಡ್ಯಾಮ್ಸೆಲ್‌ಫ್ಲೈ ಮೊಟ್ಟೆಯಿಡುವುದು ಅಂಥ ಮರದಲ್ಲೇ. ಹಳದಿ-ಕಪ್ಪು ಬಣ್ಣದ ಪುಟ್ಟ ಗಂಡುಗಳು ಅದಕ್ಕಾಗಿ ಎದುರುಬದುರಾಗಿ ಗಾಳಿಯಲ್ಲೇ ನಿಂತು ಜಗಳಾಡುತ್ತವೆ. ಹೊಳೆ ಚಂದ ಕಾಣಲೆಂದು ಇಂಥ ಕಟ್ಟಿಗೆ ಎಳೆದು ದಡಕ್ಕೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಹುಳ ಅಲುಗದಿರಲೆಂದು ಫ್ರಿಜ್‌ನಲ್ಲಿಟ್ಟು ತಂದು ಫೋಟೊ ತೆಗೆಯುವುದೂ ನನಗೆ ಸೇರದು.

ಮೋಡ ಮುಚ್ಚಿದರೆ ಆ ಹಸಿರು ಮಿಂಚು ಸಿಗುವುದಿಲ್ಲ. ಆಗ ದಡದ ಪೊದೆಗಳ ನೆರಳಿಗೆ ಹೋಗುತ್ತೇನೆ. ಫಾರೆಸ್ಟ್ ಗ್ಲೋರಿ ಎಂಬ ಡ್ಯಾಮ್ಸೆಲ್‌ಫ್ಲೈಗಳು ಅಲ್ಲಿ ಗುಂಪಾಗಿ ಕೂತಿರುತ್ತವೆ; ಅವಕ್ಕೆ ಟ್ರೈಪಾಡ್ ಇದ್ದರೆ ಶಟರ್ 1/125 ಸೆಕೆಂಡ್ ಸಾಕು.